ಬಿಲದೊಳಗಿನ ನೀರಿನ ದಾರಿ: ಬೆಲುಂ ಗುಹೆಯ ಚರಿತ್ರೆ ಮತ್ತು ಉಳಿವು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಲಿಖಿತ ರೂಪ. ಪ್ರಕಟಣೆಗಾಗಿ ಅಲ್ಲಲ್ಲಿ ತಿದ್ದಿದೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದೆ.)

ಧ್ವನಿ ಕೇಳಿಸ್ತಿದೆ ಅಂದುಕೊಳ್ತೀನಿ. ಬೆಳಗಿನಿಂದ ಕಾಸರಗೋಡಿನ ಶಾಲೆಗಳ ಬಗ್ಗೆ, ಅಕ್ಕಲಕೋಟೆ ಕಡೆಯ ಶಾಸನಗಳ ಬಗ್ಗೆ, ತಾಳವಾಡಿಯ ಹಾಡುಗಳ ಬಗ್ಗೆ ಕೇಳಿದೆವು. ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಊರು ಆದೋನಿ. ನನ್ನ ವಿಷಯ ಮಾತ್ರ ಸ್ವಲ್ಪ ಬೇರೆ. ಒಂದು ಸುಣ್ಣಕಲ್ಲಿನ ಗುಹೆಯ ಬಗ್ಗೆ ಮಾತಾಡ್ತೀನಿ. ಅದರೊಳಗೆ ಯಾವ ಕನ್ನಡ ಶಾಸನವನ್ನೂ ನಾನು ತೋರಿಸೋದಿಲ್ಲ. ಹಾಗಾದ್ರೆ ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಇದಕ್ಕೇನು ಕೆಲಸ ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಕೊನೆಗೆ ಹೇಳ್ತೀನಿ. ಮೊದಲು ಒಂದು ವಸ್ತು ತೋರಿಸ್ತೀನಿ.

ಕ್ಯಾಮೆರಾ ಮುಂದೆ ಹಿಡಿದಿರೋದು ಒಂದು ಕಲ್ಲಿನ ಚೂರು. ಉದ್ದ 5 ಸೆಂಟಿಮೀಟರ್, ಕಿರುಬೆರಳಿನಷ್ಟು. ಎಂಟನೇ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸದಲ್ಲಿ ಬೆಲುಂ ಗುಹೆಗೆ ಹೋಗಿದ್ದೆವು. ಗುಂತಕಲ್ಲು, ಗುತ್ತಿ, ತಾಡಿಪತ್ರಿ ದಾಟಿ ಬಸ್ಸು ಹೋಯ್ತು. ಗುಹೆಯಲ್ಲಿ ಮೇಷ್ಟ್ರು ಮುಂದೆ ಹೋಗಿದ್ದಾಗ, ಕೈಗೆ ಎಟಕುವ ಹಾಗೆ ಚಾವಣಿಯಿಂದ ಇಳಿದಿದ್ದ ಒಂದು ತುದಿಯನ್ನು ನಾನು ಮುರಿದೆ. ಯಾರೂ ನೋಡಲಿಲ್ಲ. ಟಪ್ ಅಂತ ಬಂತು, ಜೇಬಿಗೆ ಹಾಕಿಕೊಂಡೆ. ಇಷ್ಟು ವರ್ಷ ಕಂಪಾಸ್ ಬಾಕ್ಸಿನಲ್ಲಿತ್ತು. ಈ ಪ್ರಬಂಧ ಬರೆಯೋಕೆ ಕಾರಣ ಇದೇ.

1. ಬಂಡೆಯ ಗವಿ, ನೀರಿನ ಗವಿ

ನಮ್ಮ ಆದೋನಿ, ಬಳ್ಳಾರಿ, ಹಂಪಿ ಕಡೆಯವರಿಗೆ ಗವಿ ಅಂದ್ರೆ ಕಣ್ಣಮುಂದೆ ಬರೋದು ಬಂಡೆಗಳ ಸಂದು. ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಗುಂಡುಕಲ್ಲುಗಳು, ಅವುಗಳ ನಡುವೆ ಒಬ್ಬರು ಕೂರುವಷ್ಟು ಜಾಗ. ಅಲ್ಲೊಬ್ಬ ತಾತನ ಗದ್ದುಗೆ, ಒಂದು ದೀಪ. ಕನ್ನಡದ ಮನಸ್ಸಿನಲ್ಲಿ ಗವಿ ಬಹಳ ಆಳದಲ್ಲಿದೆ. ಅಲ್ಲಮನ ಅಂಕಿತವೇ ಗುಹೇಶ್ವರ. ಕೊಪ್ಪಳದಲ್ಲಿ ಗವಿಸಿದ್ಧೇಶ್ವರ, ಬೆಂಗಳೂರಿನಲ್ಲಿ ಗವಿಗಂಗಾಧರೇಶ್ವರ. ಆದರೆ ಇಂಥ ಗವಿಗಳೆಲ್ಲ ಹೆಚ್ಚಾಗಿ ಕಣಶಿಲೆ ಜಾತಿಯ ಗಟ್ಟಿ ಕಲ್ಲಿನವು. ಬಿಸಿಲು ಮಳೆಗೆ ಬಂಡೆ ಬಿರುಕು ಬಿಟ್ಟು, ಉರುಳಿ, ಒರಗಿ ಆದ ಜಾಗಗಳು. ಕೆಲವನ್ನು ಮನುಷ್ಯರೇ ಕೊರೆದು ದೊಡ್ಡದು ಮಾಡಿದ್ದಾರೆ.

ಬೆಲುಂ ಆ ಜಾತಿಯದಲ್ಲ. ಅದನ್ನು ನೀರು ಕರಗಿಸಿ ಮಾಡಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಗುಹೆಯನ್ನು ಹೇಗೆ ಕಾಪಾಡಬೇಕು ಅನ್ನೋದು ಅದು ಹೇಗೆ ಹುಟ್ಟಿತು ಅನ್ನೋದರಲ್ಲೇ ಇದೆ.

ಕಡಪ, ನಂದ್ಯಾಲ ಸೀಮೆಯ ಬಹುಭಾಗ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. 50 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಕಲ್ಲಾಯಿತು. ಭೂವಿಜ್ಞಾನಿಗಳು ಇದನ್ನು ನಾರ್ಜಿ ಸುಣ್ಣಕಲ್ಲು ಅಂತ ಕರೀತಾರೆ. ಬೀಳುವ ಮಳೆನೀರು ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತೆ. ಆಗ ಅದು ಬಹಳ ಸೌಮ್ಯವಾದ ಆಮ್ಲ. ನಾಲಗೆಗೆ ಗೊತ್ತಾಗದಷ್ಟು ಹುಳಿ, ಆದರೆ ಸುಣ್ಣಕಲ್ಲಿಗೆ ಗೊತ್ತಾಗುತ್ತೆ. ಕಲ್ಲಿನ ಬಿರುಕು ಹಿಡಿದು ಇಳಿಯುತ್ತಾ ಅದು ಕಲ್ಲನ್ನೇ ಕರಗಿಸಿ ಒಯ್ಯುತ್ತೆ. ಕೂದಲೆಳೆಯ ಬಿರುಕು ಕೊಳವೆಯಾಗುತ್ತೆ, ಕೊಳವೆ ಓಣಿಯಾಗುತ್ತೆ. ಮುಂದೆ ಅಂತರ್ಜಲದ ಮಟ್ಟ ಕೆಳಗಿಳಿದಾಗ ಓಣಿಯಲ್ಲಿ ಗಾಳಿ ತುಂಬುತ್ತೆ. ನಾವು ನಡೆದಾಡೋದು ಆ ಓಣಿಗಳಲ್ಲಿ.

ಆಮೇಲೆ ಎರಡನೇ ಕೆಲಸ ಶುರು. ಮೇಲಿನಿಂದ ಸುಣ್ಣ ಕರಗಿಸಿಕೊಂಡು ಬಂದ ಹನಿ, ಖಾಲಿ ಓಣಿಯ ಚಾವಣಿಯಲ್ಲಿ ನೇತಾಡಿದಾಗ ಅದರೊಳಗಿನ ಅನಿಲ ಗಾಳಿಗೆ ಹಾರಿಹೋಗುತ್ತೆ. ಸುಣ್ಣವನ್ನು ಹಿಡಿದಿಡುವ ಶಕ್ತಿ ನೀರಿಗೆ ಉಳಿಯೋದಿಲ್ಲ. ಒಂದು ಕಣದಷ್ಟು ಸುಣ್ಣ ಅಲ್ಲೇ ಅಂಟಿಕೊಳ್ಳುತ್ತೆ. ಹೀಗೆ ಚಾವಣಿಯಿಂದ ಇಳಿಯುವುದು ಸ್ಟ್ಯಾಲಕ್ಟೈಟ್, ನೆಲದಿಂದ ಏಳುವುದು ಸ್ಟ್ಯಾಲಗ್ಮೈಟ್. ನಾನು ಇವನ್ನು ಇಳಿಗಂಬ, ಏಳುಗಂಬ ಅಂತ ಕರೀತೀನಿ. ಇವು ಬೆಳೆಯುವ ವೇಗ ಗುಹೆಯಿಂದ ಗುಹೆಗೆ ಬೇರೆ, ಆದರೆ ವರ್ಷಕ್ಕೆ 0.1 ಮಿಲಿಮೀಟರ್ ಅನ್ನೋದು ಸಾಮಾನ್ಯವಾಗಿ ಹೇಳುವ ಅಳತೆ. ಆ ಲೆಕ್ಕ ಹಿಡಿದರೆ ನನ್ನ ಕೈಯಲ್ಲಿರುವ 5 ಸೆಂಟಿಮೀಟರಿಗೆ 500 ವರ್ಷ. ಕೃಷ್ಣದೇವರಾಯನ ಕಾಲದಲ್ಲಿ ಶುರುವಾದ ಹನಿ. ನಾನು ಅದನ್ನು ಒಂದು ಸೆಕೆಂಡಿನಲ್ಲಿ ಮುಗಿಸಿದೆ.

2. ನಕ್ಷೆಗೆ ಬಂದ ಬಗೆ

ಬೆಲುಂ ಇರುವುದು ಕೊಲಿಮಿಗುಂಡ್ಲ ಮಂಡಲದಲ್ಲಿ. ಬೆಟ್ಟದ ಬುಡದಲ್ಲಿ ಬಾಯಿ ತೆರೆದ ಗುಹೆ ಅಲ್ಲ ಅದು. ಚಪ್ಪಟೆ ಹೊಲದ ನಡುವೆ ಬಾವಿಯ ಹಾಗೆ ಬಾಯಿಗಳು, ಅದರಲ್ಲಿ ಒಂದರೊಳಗೆ ಮೆಟ್ಟಿಲು ಇಳಿದು ಹೋಗಬೇಕು. ಬಿಲ ಅನ್ನೋ ಪದದಿಂದ ಈ ಹೆಸರು ಬಂತು ಅಂತ ಅಲ್ಲಿ ಹೇಳ್ತಾರೆ. ಬಿಲ ನಮಗೂ ಬಿಲವೇ, ಇಲಿಯ ಬಿಲ, ಹಾವಿನ ಬಿಲ. ಅದೇ ಸೀಮೆಯ ಬೇತಂಚೆರ್ಲ ಹತ್ತಿರ ಬಿಲ್ಲ ಸುರ್ಗಂ ಅನ್ನೋ ಇನ್ನೊಂದು ಗುಹೆ ಇದೆ. ತೆಲುಗಿನ ಹೆಸರಾದರೂ ನನ್ನ ಕಿವಿಗೆ ಬಿಲ, ಸುರಂಗ ಅಂತಲೇ ಕೇಳಿಸುತ್ತೆ.

ಈ ಗುಹೆಗಳನ್ನು ಬರಹಕ್ಕೆ ತಂದವರು ನಮ್ಮ ಬಳ್ಳಾರಿ ಸೀಮೆಯನ್ನೂ ಓದಿದವರು. ಬಿಲ್ಲ ಸುರ್ಗಂ ಬಗ್ಗೆ 1844ರಲ್ಲಿ ಬರೆದ ನ್ಯೂಬೋಲ್ಡ್, ಬಳ್ಳಾರಿ ಹತ್ತಿರದ ಬೂದಿದಿಬ್ಬಗಳ ಬಗ್ಗೆಯೂ ಬರೆದ ಸೈನಿಕ ಅಧಿಕಾರಿ. ಅವನ ನಂತರ ಬಂದವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಈ ಅಧಿಕಾರಿಯನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಕರೀತಾರೆ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ಪುಸ್ತಕವನ್ನೇ ಬರೆದವನು. ಅವನೂ ಅವನ ಮಗ ಹೆನ್ರಿಯೂ 1884ರ ಸುಮಾರಿಗೆ ಬಿಲ್ಲ ಸುರ್ಗಂನ ನೆಲ ಅಗೆದರು. ಬೆಲುಂ ಗುಹೆಯ ಮೊದಲ ಉಲ್ಲೇಖವೂ 1884ರಲ್ಲಿ ಫೂಟ್‌ನದೇ.

ಬಿಲ್ಲ ಸುರ್ಗಂ ಮಣ್ಣಿನಲ್ಲಿ ಸಿಕ್ಕ ಮೂಳೆಗಳನ್ನು ಲೈಡೆಕ್ಕರ್ ಅನ್ನೋ ವಿದ್ವಾಂಸ 1886ರಲ್ಲಿ ವಿವರಿಸಿದ. ಅದರಲ್ಲಿ ಒಂದು ಘೇಂಡಾಮೃಗವೂ ಇತ್ತು. ಅದಕ್ಕೆ ಕರ್ನೂಲಿನ ಹೆಸರಿಟ್ಟು ರೈನೋಸೆರಸ್ ಕರ್ನೂಲಿಯೆನ್ಸಿಸ್ ಅಂತ ಕರೆದ. ಇವತ್ತು ಜಾಲಿಗಿಡ, ಕಡಲೆ ಹೊಲ ಬಿಟ್ಟು ಬೇರೆ ನೆನಪಾಗದ ಸೀಮೆಯಲ್ಲಿ ಘೇಂಡಾಮೃಗ ಓಡಾಡಿತ್ತು ಅನ್ನೋದಕ್ಕೆ ಸಾಕ್ಷಿ ಗುಹೆಯ ಮಣ್ಣು ಮಾತ್ರ. ಇಲ್ಲಿ ಒಂದು ಮಾತು ಗುರುತು ಮಾಡಿಕೊಳ್ಳಿ: ಗುಹೆಯ ನೆಲದಲ್ಲಿರುವ ಮಣ್ಣು ಗುಡಿಸಿ ಎಸೆಯುವ ಧೂಳಲ್ಲ. ಅದೂ ಒಂದು ಹಸ್ತಪ್ರತಿ. ಪದರ ಕದಡಿದರೆ ಓಲೆಗರಿಯ ಕಟ್ಟು ಬಿಚ್ಚಿ ಕಲಸಿದ ಹಾಗೆ.

ಫೂಟ್ ನಂತರ ಬೆಲುಂ ಸುಮಾರು ನೂರು ವರ್ಷ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. 1982 ಮತ್ತು 1983ರಲ್ಲಿ ಜರ್ಮನಿಯ ಗುಹಾಶೋಧಕ ಡೇನಿಯಲ್ ಗೆಬಾವರ್ ನೇತೃತ್ವದ ತಂಡ ಬಂದು ಒಳಗೆಲ್ಲ ಅಳೆದು ನಕ್ಷೆ ಬರೆಯಿತು. ಒಟ್ಟು ಉದ್ದ 3,229 ಮೀಟರ್. ಮೇಘಾಲಯದ ಗುಹೆಗಳನ್ನು ಬಿಟ್ಟರೆ ದೇಶದ ಅತಿ ಉದ್ದದ ಗುಹೆಗಳಲ್ಲಿ ಇದೂ ಒಂದು. ಅತಿ ಆಳದ ಜಾಗ ಪಾತಾಳಗಂಗ, 46 ಮೀಟರ್ ಕೆಳಗೆ.

3. ಕಸದ ಗುಂಡಿಯಾಗಿದ್ದ ಕಾಲ

ಇನ್ನು ಪ್ರವಾಸಿ ಕರಪತ್ರಗಳು ಒತ್ತಿ ಹೇಳದ ಭಾಗ. 1980ರ ದಶಕದವರೆಗೂ ಸುತ್ತಲಿನ ಊರುಗಳ ಕಸ ಈ ಗುಹೆಯ ಬಾಯಿಗೆ ಬೀಳುತ್ತಿತ್ತು. ಯಾರನ್ನೂ ಬೈಯೋಕೆ ಇದನ್ನು ಹೇಳ್ತಿಲ್ಲ. ಹೊಲದ ನಡುವೆ ಒಂದು ಆಳದ ಗುಂಡಿ ಇದ್ದರೆ ಯಾವ ಊರಿನವರಾದರೂ ಅದರಲ್ಲಿ ಹಾಕೋದು ಇದನ್ನೇ. ನಮ್ಮೂರ ಹಳೇ ಬಾವಿಗಳ ಗತಿ ಏನಾಗಿದೆ ನೋಡಿ.

ಆದರೆ ಸುಣ್ಣಕಲ್ಲಿನ ಸೀಮೆಯಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ಅಪಾಯ. ಮರಳು, ಮಣ್ಣಿನ ನೆಲದಲ್ಲಿ ನೀರು ನಿಧಾನಕ್ಕೆ ಸೋಸಿಕೊಂಡು ಇಳಿಯುತ್ತೆ. ಸುಣ್ಣಕಲ್ಲಿನ ಓಣಿಗಳಲ್ಲಿ ಸೋಸುವಿಕೆ ಇಲ್ಲವೇ ಇಲ್ಲ ಅನ್ನಬಹುದು. ಪೈಪಿನಲ್ಲಿ ಹೋದ ಹಾಗೆ ಹೋಗುತ್ತೆ. ಬೆಲುಂನ ಪಾತಾಳಗಂಗದಲ್ಲಿ ಒಂದು ಸಣ್ಣ ಹರಿವು ಕಾಣಿಸಿಕೊಂಡು ಮತ್ತೆ ನೆಲದೊಳಗೆ ಮಾಯವಾಗುತ್ತೆ. ಅದು ಎರಡು ಕಿಲೋಮೀಟರ್ ಆಚೆಯ ಬೆಲುಂ ಊರಿನ ಬಾವಿಗೆ ಸೇರುತ್ತೆ ಅನ್ನೋದು ಅಲ್ಲಿನವರ ನಂಬಿಕೆ. ಇಂಥ ನೆಲದಲ್ಲಿ ಹೀಗೆ ಆಗೋದು ಅಸಾಧ್ಯವೇನಲ್ಲ. ಈಗ ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಮೇಲಿನ ಬಾಯಿಗೆ ಕಸ, ಕೆಳಗಿನ ದಾರಿ ಬಾವಿಯ ಕಡೆಗೆ. ಗುಹೆಯನ್ನು ಶುಚಿಯಾಗಿಡೋದು ಚೆಂದಕ್ಕಾಗಿ ಮಾತ್ರ ಅಲ್ಲ ಅನ್ನೋದು ಇದರಿಂದ ಗೊತ್ತಾಗುತ್ತೆ.

1985ರಲ್ಲಿ ಆಂಧ್ರಪ್ರದೇಶ ಸರ್ಕಾರ ಇದನ್ನು ರಕ್ಷಿತ ಪ್ರದೇಶ ಅಂತ ಘೋಷಿಸಿತು. ಘೋಷಣೆ ಆದ ಕೂಡಲೇ ಕಸ ನಿಲ್ಲಲಿಲ್ಲ. ಸುತ್ತಲಿನ ಊರುಗಳ ಕೆಲವರು, ಅವರಲ್ಲಿ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿಯೂ ಇದ್ದರು, ಬೆನ್ನುಹತ್ತಿ ಓಡಾಡಿದರು. 1999ರಲ್ಲಿ ಆಂಧ್ರಪ್ರದೇಶ ಪ್ರವಾಸೋದ್ಯಮ ಅಭಿವೃದ್ಧಿ ಸಂಸ್ಥೆ ಕೆಲಸ ವಹಿಸಿಕೊಂಡಿತು. ಮೆಟ್ಟಿಲು, ಸೇತುವೆ, ದೀಪ, ಹೊರಗಿನ ಗಾಳಿ ಒಳಗೆ ಬರುವ ಕೊಳವೆಗಳು ಆದವು. 2002ರ ಫೆಬ್ರವರಿಯಲ್ಲಿ ಜನರಿಗೆ ತೆರೆಯಿತು. ಮೂರು ಕಿಲೋಮೀಟರಿಗೂ ಮಿಕ್ಕ ಉದ್ದದಲ್ಲಿ ನಾವು ನೋಡೋದು ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ. ಉಳಿದದ್ದು ಮುಚ್ಚಿದೆ. ಈ ಮುಚ್ಚಿದ ಅರ್ಧವೇ ನನ್ನ ಪ್ರಕಾರ ಅಲ್ಲಿನ ದೊಡ್ಡ ಆಸ್ತಿ.

4. ಟಿಕೆಟ್ ಉಳಿಸಿತು, ಟಿಕೆಟ್ಟೇ ಸವೆಸುತ್ತೆ

ಹಾಗಾದ್ರೆ ಬೆಲುಂ ಗುಹೆಯನ್ನು ಉಳಿಸಿದ್ದು ಪ್ರವಾಸಿಗರು ಅನ್ನಬಹುದಾ? ಹೌದು, ಒಂದು ಮಟ್ಟಿಗೆ. ಟಿಕೆಟ್ ಇರುವ ಗುಂಡಿಗೆ ಯಾರೂ ಕಸ ಹಾಕೋದಿಲ್ಲ. ಕಾವಲು ಬರುತ್ತೆ, ಊರಿನ ಹುಡುಗರಿಗೆ ಗೈಡ್ ಕೆಲಸ ಸಿಗುತ್ತೆ, ಅಂಗಡಿ ಬರುತ್ತೆ. ಗುಹೆ ಉಳಿದರೆ ತಮಗೆ ಲಾಭ ಅನ್ನೋರು ಹುಟ್ಟಿಕೊಳ್ತಾರೆ.

ಆದರೆ ಪ್ರತಿ ಮನುಷ್ಯ ಒಳಗೆ ಹೋಗುವಾಗ ಬಿಸಿ, ಬೆವರು, ಉಸಿರು, ಚಪ್ಪಲಿಯ ಧೂಳು ತಗೊಂಡು ಹೋಗ್ತಾನೆ. ಉಸಿರಿನಲ್ಲಿರೋದು ಅದೇ ಇಂಗಾಲದ ಡೈಆಕ್ಸೈಡ್. ಗುಹೆಯ ಗಾಳಿಯಲ್ಲಿ ಅದು ಹೆಚ್ಚಾದರೆ ಹನಿಯಿಂದ ಅನಿಲ ಹಾರಿಹೋಗೋದು ಕಡಿಮೆಯಾಗುತ್ತೆ, ಅಂದ್ರೆ ಕಂಬ ಬೆಳೆಯುವ ಕೆಲಸ ಕುಂಟುತ್ತೆ. ಗೋಡೆಯ ಮೇಲೆ ಕೂತ ತೇವದಲ್ಲಿ ಅದು ಕರಗಿದರೆ ಆಗಲೇ ಬೆಳೆದದ್ದೂ ಸವೆಯಬಹುದು. ದೀಪ ಹಾಕಿದ ಕಡೆ ಪಾಚಿ ಬರುತ್ತೆ. ಕತ್ತಲಲ್ಲಿ ಬದುಕದ ಹಸಿರು, ಬಲ್ಬಿನ ಸುತ್ತ ಬದುಕುತ್ತೆ. ಕೈ ಮುಟ್ಟಿದ ಜಾಗದಲ್ಲಿ ಚರ್ಮದ ಎಣ್ಣೆ ಅಂಟಿ, ಮುಂದಿನ ಹನಿಯ ಸುಣ್ಣ ಅಲ್ಲಿ ಕೂರೋದಿಲ್ಲ. ಮುಟ್ಟಿ ಮುಟ್ಟಿ ಕಪ್ಪಗೆ ನುಣುಪಾದ ಕಂಬಗಳನ್ನು ನೀವು ಯಾವ ಪ್ರವಾಸಿ ಗುಹೆಯಲ್ಲಾದರೂ ನೋಡಿರ್ತೀರಿ.

ಫ್ರಾನ್ಸಿನ ಲಾಸ್ಕೋ ಗುಹೆಯ ಕಥೆ ಇಲ್ಲಿ ಪಾಠ. ಅದೂ ಸುಣ್ಣಕಲ್ಲಿನದೇ. 1940ರಲ್ಲಿ ಹುಡುಗರ ಕಣ್ಣಿಗೆ ಬಿತ್ತು, 1948ರಲ್ಲಿ ಜನರಿಗೆ ತೆರೆದರು. ಸಾವಿರಾರು ವರ್ಷ ಕತ್ತಲಲ್ಲಿ ಉಳಿದಿದ್ದ ಚಿತ್ರಗಳ ಮೇಲೆ ಹದಿನೈದೇ ವರ್ಷದಲ್ಲಿ ಹಸಿರು ಪಾಚಿ ಬಂತು. 1963ರಲ್ಲಿ ಬಾಗಿಲು ಹಾಕಬೇಕಾಯ್ತು. 1983ರಲ್ಲಿ ಪಕ್ಕದಲ್ಲೇ ಒಂದು ಪ್ರತಿಕೃತಿ ಕಟ್ಟಿ ತೋರಿಸಿದರು. ಬೆಲುಂನಲ್ಲಿ ಅಂಥ ಚಿತ್ರಗಳಿಲ್ಲ, ಹೋಲಿಕೆ ಪೂರ್ತಿ ಸರಿಹೊಂದೋದಿಲ್ಲ. ಆದರೆ ಉಸಿರು, ಬೆಳಕು ಎರಡೂ ಕಡೆ ಒಂದೇ.

ಬೆಲುಂನಲ್ಲಿ ಸಪ್ತಸ್ವರಗಳ ಗುಹೆ ಅಂತ ಒಂದು ಕೋಣೆ ಇದೆ. 2006ರಲ್ಲಿ ತೆರೆದದ್ದು. ಅಲ್ಲಿನ ಇಳಿಗಂಬಗಳನ್ನು ಕೋಲಿನಿಂದಲೋ ಬೆರಳಿನ ಗೆಣ್ಣಿನಿಂದಲೋ ತಟ್ಟಿದರೆ ಲೋಹದ ಸದ್ದು ಬರುತ್ತೆ. ಎಲ್ಲರಿಗೂ ತಟ್ಟಬೇಕು ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಒಂದು ಕೈ ತಟ್ಟಿದರೆ ಏನೂ ಆಗಲ್ಲ. ಆದರೆ ಗುಹೆಗೆ ಬರೋದು ಒಂದು ಕೈ ಅಲ್ಲ. ಒಮ್ಮೆ ಧ್ವನಿಮುದ್ರಣ ಮಾಡಿ, ಗುಂಡಿ ಒತ್ತಿದರೆ ಕೇಳಿಸುವ ಹಾಗೆ ಇಡಬಹುದು. ಇದು ನನ್ನ ಸಲಹೆ, ದೊಡ್ಡ ಖರ್ಚಿನದೇನಲ್ಲ.

5. ಅಪ್ಪನ ಪ್ರಶ್ನೆ

ಇದುವರೆಗೆ ಗುಹೆಯ ಒಳಗಿನ ಮಾತಾಯಿತು. ಇನ್ನು ಮೇಲಿನ ನೆಲ. ನನಗೆ ಕಷ್ಟದ ಭಾಗ ಇದು.

ನೀವೆಲ್ಲ ನಿಮ್ಮ ಅಡುಗೆಮನೆ ನೆನಪಿಸಿಕೊಳ್ಳಿ. ಡಬ್ಬಿ ಜೋಡಿಸಿದ ಕಪ್ಪು ಕಲ್ಲಿನ ಹಲಗೆಗೆ ಏನಂತೀವಿ? ಕಡಪ ಕಲ್ಲು. ನಮ್ಮ ಕಡೆ ನಾಪ ಬಂಡೆ ಅಂತೀವಿ. ಬೆಲುಂ ಗುಹೆ ಕೊರೆದಿರುವ ಸುಣ್ಣಕಲ್ಲಿನ ಕುಲದ್ದೇ ಅದು. ಪದರಪದರವಾಗಿ ಏಳುತ್ತೆ ಅಂತ ಹಲಗೆಗೆ ಒಳ್ಳೆಯದು. ಅದೇ ಪದರಗಳ ಸಂದು ಹಿಡಿದೇ ನೀರು ಗುಹೆ ಕೊರೆದದ್ದು. ನಮ್ಮಪ್ಪ ಆದೋನಿಯಲ್ಲಿ ಬಂಡೆ ಹಾಕುವ ಮೇಸ್ತ್ರಿ. ನಾನು ಓದಿದ್ದು ಆ ಕಲ್ಲಿನ ದುಡ್ಡಿನಲ್ಲಿ.

ಈ ಪ್ರಬಂಧದ ಬಗ್ಗೆ ಹೇಳಿದಾಗ ಅಪ್ಪ ಕೇಳಿದ್ರು: "ಕಲ್ಲು ತೆಗೀಬೇಡಿ ಅಂತ ಬರೀತೀಯೇನು? ಹಂಗಾದ್ರೆ ನಾವೇನು ತಿನ್ನಬೇಕು?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಸೀಮೆಯಲ್ಲಿ ಹಲಗೆ ಕಲ್ಲಿನ ಗಣಿಗಳೂ ಇವೆ, ಸುಣ್ಣಕಲ್ಲು ಸುಟ್ಟು ಸಿಮೆಂಟ್ ಮಾಡುವ ಕಾರ್ಖಾನೆಗಳೂ ಇವೆ. ಮಳೆ ನಂಬಿದ ಬೇಸಾಯದ ಊರುಗಳಿಗೆ ಅದು ಕೂಲಿ.

ಆದರೆ ಗುಹೆಗೆ ಬರುವ ಹನಿ ಗುಹೆಯೊಳಗೆ ಹುಟ್ಟೋದಿಲ್ಲ. ಮೇಲಿನ ಹೊಲದಲ್ಲಿ, ಮೇಲಿನ ಮಣ್ಣಿನಲ್ಲಿ ಹುಟ್ಟುತ್ತೆ. ಆ ಮಣ್ಣು ತೆಗೆದರೆ ನೀರಿಗೆ ಹುಳಿ ಬರೋದು ಕಡಿಮೆ. ಕಲ್ಲು ತೆಗೆದರೆ ದಾರಿಯೇ ತುಂಡಾಗುತ್ತೆ. ಸಿಡಿಮದ್ದು ಸಿಡಿದರೆ ತೆಳ್ಳಗಿನ ಇಳಿಗಂಬಗಳಿಗೆ ನಡುಕ. ಬೋರ್‌ವೆಲ್ ಬಹಳ ಆಳಕ್ಕೆ ಇಳಿದರೆ ಒಳಗಿನ ಹರಿವು ಬತ್ತುತ್ತೆ. ಹೊಲಕ್ಕೆ ಹಾಕಿದ ಗೊಬ್ಬರ, ಔಷಧಿ ಸೋಸದೆ ಒಳಗೆ ಇಳಿಯುತ್ತೆ. ಹೀಗಾಗಿ ಗುಹೆಯ ಬಾಯಿಗೆ ಬೇಲಿ ಹಾಕಿದರೆ ಸಾಲದು. ಯಾವ ನೆಲದ ಮೇಲೆ ಬಿದ್ದ ಮಳೆ ಗುಹೆಗೆ ಇಳಿಯುತ್ತೋ ಆ ನೆಲವನ್ನು ಗುರುತಿಸಬೇಕು. ಅದಕ್ಕೆ ದಾರಿ ಇದೆ. ಹಾನಿಯಿಲ್ಲದ ಬಣ್ಣವನ್ನು ಒಂದು ಕಡೆ ನೀರಿಗೆ ಬಿಟ್ಟು, ಇನ್ನೊಂದು ಕಡೆ ಎಲ್ಲಿ, ಯಾವಾಗ ಬರುತ್ತೆ ಅಂತ ನೋಡೋದು. ಜಗತ್ತಿನ ಸುಣ್ಣಕಲ್ಲಿನ ಸೀಮೆಗಳಲ್ಲೆಲ್ಲ ಮಾಡೋದು ಇದನ್ನೇ. ಗುರುತಾದ ಮೇಲೆ ಅಷ್ಟು ನೆಲವನ್ನು ಬಿಟ್ಟು ಉಳಿದ ಕಡೆ ಕಲ್ಲು ತೆಗೆಯೋದಕ್ಕೆ ನನ್ನ ತಕರಾರಿಲ್ಲ. ಬಿಟ್ಟುಕೊಟ್ಟ ನೆಲದವರಿಗೆ ಟಿಕೆಟ್ ದುಡ್ಡಿನಲ್ಲಿ ಪಾಲು ಬರಬೇಕು ಅನ್ನೋದನ್ನೂ ಸೇರಿಸ್ತೀನಿ, ಇಲ್ಲದಿದ್ರೆ ಅಪ್ಪನ ಪ್ರಶ್ನೆಗೆ ನಾನು ಉತ್ತರ ಕೊಟ್ಟ ಹಾಗಾಗೋದಿಲ್ಲ.

ಇದನ್ನೆಲ್ಲ ವಿವರಿಸಿದಾಗ ಅಪ್ಪ ಒಂದು ಮಾತು ಹೇಳಿದ್ರು. ಬಂಡೆ ಕೊಳ್ಳುವಾಗ ಅವರು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡ್ತಾರೆ. ಟಣ್ ಅಂದ್ರೆ ಗಟ್ಟಿ, ಬೊದ್ದು ಸದ್ದು ಬಂದ್ರೆ ಒಳಗೆ ಸೀಳಿದೆ. "ಆದ್ರೆ ಒಂದೇ ಸಲ ತಟ್ತೀವಿ. ದಿನಾ ತಟ್ಟಿದ್ರೆ ನಾವೇ ಸೀಳು ಬಿಡಿಸಿದಂಗೆ." ಸಪ್ತಸ್ವರದ ಕೋಣೆ ಬಗ್ಗೆ ನಾನು ಎರಡು ಪುಟ ಬರೆದಿದ್ದೆ. ಅದನ್ನು ತೆಗೆದು ಈ ಮಾತು ಇಟ್ಟುಕೊಂಡೆ.

6. ಇದು ನಮ್ಮದು ಹೇಗೆ

ಮೊದಲಿನ ಪ್ರಶ್ನೆಗೆ ಬರ್ತೀನಿ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಈ ಮೂರು ಅಲ್ಲಿಗೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು. ಹೀಗೆ ಬೆಲುಂ ಗುಹೆಯೂ ನಾವೂ ಒಂದೇ ಜಿಲ್ಲೆಯವರಾದೆವು. 2022ರ ಏಪ್ರಿಲ್ 4ರಂದು ನಂದ್ಯಾಲ ಬೇರೆ ಜಿಲ್ಲೆಯಾಯಿತು, ಗುಹೆ ಅಲ್ಲಿಗೆ ಹೋಯ್ತು. ಗೆರೆಗಳು ಬದಲಾಗ್ತಾ ಇರುತ್ತವೆ.

ಗಡಿನಾಡಿನಲ್ಲಿ ನಾವು ಪರಂಪರೆ ಅಂದ ಕೂಡಲೇ ಕನ್ನಡ ಅಕ್ಷರ ಹುಡುಕ್ತೀವಿ. ಶಾಸನ ಸಿಕ್ಕರೆ ನಮ್ಮದು, ಇಲ್ಲದಿದ್ರೆ ಅವರದು. ಅದರ ಅಗತ್ಯ ನನಗೆ ಗೊತ್ತು, ನಾನೂ ಅದೇ ಓದ್ತಿರೋನು. ಆದರೆ ಅಕ್ಷರವಿಲ್ಲದ ಪರಂಪರೆಯೂ ಇದೆ. ನಾನು ತುಳಿದು ಬೆಳೆದ ನೆಲಗಲ್ಲು ಆ ಸೀಮೆಯದು. ಆದೋನಿಯ ಕನ್ನಡ ಮನೆಗಳ ಮಕ್ಕಳು ಶಾಲಾ ಪ್ರವಾಸಕ್ಕೆ ಹೋಗೋದು ಅಲ್ಲಿಗೇ. ಮುರಿಯೋರೂ ನಾವೇ. ಮುರಿಯುವಾಗ ನಮ್ಮದು, ಕಾಪಾಡುವಾಗ ಅವರದು ಅನ್ನೋದು ನ್ಯಾಯವಲ್ಲ.

ಹಾಗಾಗಿ ಒಂದು ಸಣ್ಣ ಕೆಲಸ ಶುರು ಮಾಡಿದ್ದೀನಿ. ಗುಹೆ ಹೇಗೆ ಆಯ್ತು, ಯಾಕೆ ಮುಟ್ಟಬಾರದು ಅನ್ನೋದನ್ನು ಶಾಲೆಯ ಮಕ್ಕಳಿಗೆ ಬಸ್ಸಿನಲ್ಲೇ ಓದಿ ಹೇಳಬಹುದಾದ ನಾಲ್ಕು ಪುಟದ ಕನ್ನಡ ಬರಹ. ನನ್ನ ಮೇಷ್ಟ್ರಿಗೆ ಅಂಥದ್ದೊಂದು ಸಿಕ್ಕಿದ್ದರೆ ಈ ಚೂರು ಅಲ್ಲೇ ಇರ್ತಿತ್ತೇನೋ. ನನ್ನ ಮಾತು ಮುಗಿಸ್ತೀನಿ.

ಪ್ರಶ್ನೆ (ಕೇಳುಗರಿಂದ): ಆ ಚೂರನ್ನು ಏನು ಮಾಡ್ತೀರಿ? ವಾಪಸ್ ಇಡೋಕಾಗುತ್ತಾ?

ಉತ್ತರ: ಇಟ್ಟರೂ ಅದು ಕೂರೋದಿಲ್ಲ, ಸರ್. ಆ ಜಾಗ ಯಾವುದು ಅಂತಲೂ ನನಗೀಗ ನೆನಪಿಲ್ಲ. ಕತ್ತಲಿತ್ತು. ರಜೆಯಲ್ಲಿ ಹೋಗಿ ಅಲ್ಲಿನ ಕಚೇರಿಯಲ್ಲಿ ಒಪ್ಪಿಸಬೇಕು ಅಂತಿದ್ದೀನಿ. ಬೈದರೆ ಬೈಸಿಕೊಳ್ತೀನಿ. ಟಿಕೆಟ್ ಕೌಂಟರಿನ ಪಕ್ಕ ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, 500 ವರ್ಷ, ಒಂದು ಸೆಕೆಂಡು ಅಂತ ತೆಲುಗಿನಲ್ಲೂ ಕನ್ನಡದಲ್ಲೂ ಬರೆದಿಡಿ ಅಂತ ಕೇಳಿಕೊಳ್ತೀನಿ. ಕನ್ನಡದ ಸಾಲು ನಾನೇ ಬರೆದು ಕೊಡ್ತೀನಿ.